ಮೂರು ಹೋಳಾದ ಓಣಿ

ಕೊಟ್ಟೂರು

ಅಮೆರಿಕಕ್ಕೆ ಹೋಗಿ ಬಂದೆ ಎಂದ ಕೂಡಲೇ ಕೂಡ್ಲಿಗಿ ಕೋರ್ಟಿನ ವಕೀಲ ಮಿತ್ರರು ಆ ಜಲಪಾತ ನೋಡಿದಿರಾ, ಆ ಎತ್ತರದ ಕಟ್ಟಡ ಹತ್ತಿದಿರಾ ಎಂದು ಮುತ್ತಿಕೊಂಡರು. ಎರಡೂ ಇಲ್ಲ ಎಂದೆ. ಹಾಗಾದರೆ ಹೋದದ್ದಾದರೂ ಯಾಕೆ ಎಂದು ಒಬ್ಬರು ಮುಖಕ್ಕೇ ಕೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೀರು ಬೀಳುವುದನ್ನು ನೋಡಲು ಅಷ್ಟು ದೂರ ಹೋಗಬೇಕೇ ಎಂದು ರೇಗಿ ಎದ್ದು ಬಂದೆ. ಅವರಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಜವಾಗಿ ಆಹ್ವಾನ ಬಂದದ್ದು ನನಗಲ್ಲ, ಹುಲಿಗೆಮ್ಮನವರಿಗೆ. ಉಜ್ಜಿನಿ ಹತ್ತಿರದ ಒಂದು ಹಳ್ಳಿಯ ಕೇರಿಯವರು, ಹಿಂದೆ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದವರು. ನೀರಿನ ಟ್ಯಾಂಕಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ರೊಟ್ಟಿ ಗಂಟು ಬಿಚ್ಚಿ ಕೂತ ಹೆಂಗಸು. ಊರಾಡಳಿತದಲ್ಲಿ ಕೆಲಸ ಮಾಡಿದ ಹೆಂಗಸರು ಬೇರೆ ದೇಶದ ಇಂಥವೇ ಕೆಲಸಗಳನ್ನು ನೋಡಿ ಬರಲಿ ಎಂಬ ಕಾರ್ಯಕ್ರಮವೊಂದರಲ್ಲಿ ಅವರ ಹೆಸರು ಬಂತು. ಅವರಿಗೆ ಇಂಗ್ಲಿಷ್ ಬಾರದು. ಮಾತು ದಾಟಿಸಲು ಒಬ್ಬರು ಬೇಕು ಎಂದಾಗ, ಅವರ ಹೊಲದ ವ್ಯಾಜ್ಯ ನಡೆಸುತ್ತಿದ್ದ ನನ್ನನ್ನು ಕರೆದರು.

ಹೊರಡುವ ಹೊತ್ತಿಗೆ ನಮ್ಮ ಕೊಟ್ಟೂರಿನಲ್ಲಿ ಸೂತಕದ ಕಳೆ. ವಿಧಾನಸಭಾ ಕ್ಷೇತ್ರಗಳ ಪುನರ್ವಿಂಗಡಣೆಯ ಕರಡು ಬಂದಿತ್ತು. ಕೂಡ್ಲಿಗಿ ಉಳಿದಿತ್ತು, ಹಡಗಲಿ ಉಳಿದಿತ್ತು, ಹರಪನಹಳ್ಳಿ ಉಳಿದಿತ್ತು, ಹಗರಿಬೊಮ್ಮನಹಳ್ಳಿ ಹೊಸದಾಗಿ ಸೇರಿತ್ತು. ಕೊಟ್ಟೂರು ಕ್ಷೇತ್ರ ಮಾತ್ರ ಇಲ್ಲವಾಗಿತ್ತು. ನಮ್ಮದು ಮೂರು ತಲೆಮಾರಿನ ಕಿರಾಣಿ ವ್ಯಾಪಾರದ ಮನೆ. ಅಪ್ಪನ ಅಂಗಡಿಯೂ ಸೇರಿ ಬಜಾರೆಲ್ಲ ಒಂದು ದಿನ ಬಾಗಿಲು ಹಾಕಿತು. ನಾನೂ ಮೆರವಣಿಗೆಯಲ್ಲಿ ಕೂಗಿ ಗಂಟಲು ಕೆಡಿಸಿಕೊಂಡೆ. ಆ ಕೆಟ್ಟ ಗಂಟಲಿನಲ್ಲೇ ವಿಮಾನ ಹತ್ತಿದ್ದು.

ದಾರಿಯಲ್ಲಿ ನನ್ನ ಸಂಕಟ ತೋಡಿಕೊಂಡೆ. ಹುಲಿಗೆಮ್ಮ ಎಲ್ಲ ಕೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಹೊಸಾ ಕ್ಷೇತ್ರ ನಮ್ಮ ಮಂದಿಗೆ ಮೀಸಲಾಗ್ತೈತಂತಲ್ರಿ ಅಕ್ಕಾರ?"

"ಹಂಗಂತ ಸುದ್ದಿ."

"ಹಂಗಾದ್ರ ನಾ ಯಾಕ ಅಳ್ಳಿ?" ಎಂದು ಕಣ್ಣು ಮುಚ್ಚಿಕೊಂಡರು. ನನಗೆ ಮೈ ಉರಿಯಿತು.

ವಿಮಾನ ನಿಲ್ದಾಣ

ಇಳಿದ ಕಡೆ ಸಾಮಾನು ಮೂಸುವ ಒಂದು ನಾಯಿ ಬಂದು ಹುಲಿಗೆಮ್ಮನವರ ಚೀಲದ ಮುಂದೆ ಕೂತುಬಿಟ್ಟಿತು. ಹಿಂದೆಯೇ ಒಬ್ಬ ಅಧಿಕಾರಿ ಬಂದ. ಚೀಲ ಬಿಚ್ಚಿಸಿದ. ಕಟಕ ರೊಟ್ಟಿ ಬಂತು, ಚಟ್ನಿಪುಡಿ ಬಂತು, ಕುಂಕುಮದ ಭರಣಿ ಬಂತು, ಕೊನೆಗೆ ಇಳಕಲ್ ಸೀರೆಯ ಮಡಿಕೆಯಿಂದ ಹಸಿ ಶೇಂಗಾ ಸುರಿದವು. ಉಳಿದುಕೊಳ್ಳುವ ಮನೆಗೆ ಬರಿಗೈಲಿ ಹೋಗಬಾರದೆಂದು ತಂದಿದ್ದರಂತೆ. ಉಳಿದದ್ದೆಲ್ಲ ಬಿಟ್ಟು ಅವನು ಶೇಂಗಾ ಮಾತ್ರ ಕಸಿದುಕೊಂಡ. ಮೊಳೆಯುವ ಕಾಳು ಒಳಗೆ ಬಿಡುವಂತಿಲ್ಲ ಎಂದ.

"ಏನಂತಾನ್ರಿ ಅವ?"

"ಬಿತ್ತಿದ್ರ ಹುಟ್ತಾವಂತ."

"ಹುಟ್ಟದ ಶೇಂಗಾ ತಿಂತಾರೇನು ಇಲ್ಲಿ? ಇವನ ಮನ್ಯಾಗ ಶೇಂಗಾ ಇಲ್ಲಂದ್ರ ಬಾಯಿಬಿಟ್ಟು ಕೇಳ್ಬೇಕಿತ್ತು. ಒಂದು ಬೊಗಸಿ ಕೊಡ್ತಿದ್ದೆ."

ಆ ಅಧಿಕಾರಿ ನನ್ನ ಮುಖ ನೋಡಿದ. ಧನ್ಯವಾದ ಹೇಳುತ್ತಿದ್ದಾರೆ ಎಂದೆ. ಭಾಷಾಂತರಕಾರರ ಮೊದಲ ಸುಳ್ಳು ಅಲ್ಲಿಯೇ ಹುಟ್ಟಿತು.

ರೂತಮ್ಮನ ಮನೆ

ನಮ್ಮನ್ನು ಕರೆದೊಯ್ಯಲು ಬಂದವರು ರೂತ್. ವಯಸ್ಸು ಎಪ್ಪತ್ತರ ಆಸುಪಾಸು, ಬಹಳ ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಹುಲಿಗೆಮ್ಮ ಕಾರು ಹತ್ತುವ ಮೊದಲೇ ಅವರನ್ನು ರೂತಮ್ಮ ಮಾಡಿಬಿಟ್ಟರು. ಅವರೂ ಸುಮ್ಮನಿರಲಿಲ್ಲ, ಹುಲಿಗೆಮ್ಮನವರನ್ನು "ಹ್ಯೂಲಿ" ಎಂದು ಕರೆದರು.

ಕಾರಿನ ಎರಡೂ ಕಡೆ ಗೋವಿನಜೋಳ. ಹರಪನಹಳ್ಳಿ ದಾಟಿದ ಮೇಲೆ ಕಾಣುವ ಬೆಳೆಯೇ, ಆದರೆ ಒಂದು ಬದುವಿಲ್ಲ, ಒಂದು ಬೇವಿನ ಮರವಿಲ್ಲ, ಹೊಲದಲ್ಲಿ ಒಂದು ನರಪಿಳ್ಳೆ ಇಲ್ಲ. "ಮಂದಿ ಎಲ್ಲಿ ಅದಾರ?" ಎಂದು ಹುಲಿಗೆಮ್ಮ ದಾರಿಯುದ್ದಕ್ಕೂ ಕೇಳುತ್ತಿದ್ದರು. ಊರು ಬಂದ ಮೇಲೂ ಅದೇ ಪ್ರಶ್ನೆ. ಮನೆಗಳ ಮುಂದೆ ಹುಲ್ಲು, ಹುಲ್ಲಿನಲ್ಲಿ ಕಡ್ಡಿಗೆ ಸಿಕ್ಕಿಸಿದ ಚುನಾವಣಾ ಫಲಕ. ಬಾಗಿಲೆಲ್ಲ ಮುಚ್ಚಿದ್ದವು. ಯಾವ ಮನೆ ಯಾವ ಪಕ್ಷ ಎಂದು ಅಂಗಳವೇ ಕೂಗಿ ಹೇಳುತ್ತದೆ, ಮನುಷ್ಯರು ಮಾತ್ರ ಹೊರಗೆ ಬರುವುದಿಲ್ಲ. ನಮ್ಮಲ್ಲಿ ಇದು ತಿರುಗುಮುರುಗು. ಎಲ್ಲರೂ ಕಟ್ಟೆಯ ಮೇಲೆ ಕೂತಿರುತ್ತಾರೆ, ಓಟು ಯಾರಿಗೆಂದು ಬಾಯಿ ಬಿಡುವುದಿಲ್ಲ.

ರೂತಮ್ಮನ ಓಣಿಗೆ ರೈಲು ಹಳಿ ದಾಟಿ ಹೋಗಬೇಕು. ಅಲ್ಲಿ ಗೇಟಿನವನಿಲ್ಲ. ಕೆಂಪು ದೀಪ ಮಿನುಗಿತು, ಗಂಟೆ ಹೊಡೆಯಿತು, ಕೋಲು ಇಳಿಯಿತು, ಸರಕಿನ ರೈಲೊಂದು ಬಂದು ನಿಂತೇಬಿಟ್ಟಿತು. ಮುಂದೆ ಎಲ್ಲೋ ಡಬ್ಬಿ ಜೋಡಿಸುವ ಯಾರ್ಡು ಇದೆಯಂತೆ. ಅಲ್ಲಿ ಜಾಗ ಸಿಗುವವರೆಗೆ ರೈಲು ಹೀಗೆ ರಸ್ತೆಗೆ ಅಡ್ಡ ನಿಲ್ಲುತ್ತದೆ. ನಮ್ಮ ಕೊಟ್ಟೂರಿನಲ್ಲಿ ಹಳಿ ಇವೆ, ಪ್ರಯಾಣಿಕರ ರೈಲು ನಿಂತು ವರ್ಷಗಳಾದವು. ಒಂದು ರೈಲು ಬಿಡಿ ಎಂದು ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಇಲ್ಲಿನವರು ಒಂದು ರೈಲು ತೆಗೆಯಿರಿ ಎಂದು ಮನವಿ ಕೊಡುತ್ತಾರೆ. ಈ ತಮಾಷೆಯನ್ನು ನಾನು ನಗುತ್ತಲೇ ಹೇಳಿದೆ. ರೂತಮ್ಮ ನಗಲಿಲ್ಲ.

"ನನ್ನ ಗಂಡ ಇಲ್ಲೇ ಹೋದ," ಎಂದರು. ಎದೆನೋವು ಬಂದಿತ್ತು, ಆಂಬ್ಯುಲೆನ್ಸ್ ಕರೆಸಿದ್ದರು. ಅದು ಬಂದು ಅವನನ್ನು ಹತ್ತಿಸಿಕೊಂಡು ಇಲ್ಲಿಯವರೆಗೆ ಬಂತು. ಆಸ್ಪತ್ರೆ ಹಳಿಯ ಆಚೆ. ರೈಲು ನಿಂತಿತ್ತು. ಸುತ್ತುಬಳಸಿ ಹೋಗುವ ಹೆದ್ದಾರಿ ಬಹಳ ದೂರ. ಹಿಂದಕ್ಕೆ ತಿರುಗಿಸಬೇಕೇ, ಕಾಯಬೇಕೇ ಎಂದು ಚಾಲಕ ಯೋಚಿಸುತ್ತಿದ್ದಾಗಲೇ ಜೀವ ಹೋಯಿತು.

ನಾನು ಹೇಳುತ್ತ ಹೋದ ಹಾಗೆ ಹುಲಿಗೆಮ್ಮನವರ ಕಣ್ಣು ತುಂಬಿದವು. "ಅಯ್ಯ ಶಿವನ! ಮ್ಯಾಲೊಂದು ಸೇತುವಿ ಕಟ್ಟಾಕ ಇವರಿಗೇನು ಕಡಿಮಿ ಆಗೈತಿ? ಇವರ ಎಮ್ಮೆಲ್ಲೆ ಎಲ್ಲಿ ಅದಾನ?"

ರೂತಮ್ಮ ಮೂರು ಬೆರಳು ಎತ್ತಿದರು. ಆ ಪುಟ್ಟ ಬಡಾವಣೆಯನ್ನು ಮೂರು ಹೋಳು ಮಾಡಿ ಮೂರು ಕ್ಷೇತ್ರಗಳ ಅಂಚಿಗೆ ಸೇರಿಸಿದ್ದರು. ಒಬ್ಬನ ಹತ್ತಿರ ಹೋದರೆ ಗೇಟು ಇನ್ನೊಬ್ಬನದು ಎನ್ನುತ್ತಾನೆ. ಅವನು ರಸ್ತೆ ಮತ್ತೊಬ್ಬನದು ಎನ್ನುತ್ತಾನೆ. ಮೂವರಿಗೂ ಇವರ ಓಟು ಬಿದ್ದರೂ ಅಷ್ಟೇ, ಬೀಳದಿದ್ದರೂ ಅಷ್ಟೇ. ಗೆಲುವು ಬೇರೆ ಕಡೆಯಿಂದ ಬರುತ್ತದೆ. ಸೇತುವೆಗೆ ಕೈಯೆತ್ತುವವರಿಲ್ಲ.

ರೂತಮ್ಮನಿಗೆ ಬದುಕಿನಲ್ಲಿ ಬೇಕಾಗಿ ಉಳಿದದ್ದು ಆ ಸೇತುವೆಯೊಂದೇ. ಕ್ಷೇತ್ರಗಳ ಗೆರೆ ಯಾರು ಎಳೆಯಬೇಕೆಂದು ಬರುವ ಮಂಗಳವಾರ ನಡೆಯಲಿದ್ದ ಮತದಾನದ ಮೇಲೆ ಜೀವ ಇಟ್ಟುಕೊಂಡಿದ್ದರು.

ಸ್ಯಾರನ್ ತೋರಿಸಿದ ನಕ್ಷೆ

ಮರುದಿನ ನಮ್ಮನ್ನು ನಾಗರಿಕರ ಗುಂಪಿನ ಕಚೇರಿಗೆ ಕರೆದೊಯ್ದರು. ಹಿಂದೆ ಬೂಟಿನ ಅಂಗಡಿಯಾಗಿದ್ದ ಜಾಗ. ಗುಂಪಿನ ಮುಖ್ಯಸ್ಥೆ ಸ್ಯಾರನ್, ನನ್ನ ಹಾಗೆಯೇ ವಕೀಲೆ, ನನಗಿಂತ ಕಟ್ಟುನಿಟ್ಟು. ಗೋಡೆಯ ತುಂಬ ನಕ್ಷೆ. ಕ್ಷೇತ್ರಗಳ ಆಕಾರ ನೋಡಿ ನನಗೆ ಕೂಡ್ಲಿಗಿಯ ಪಾಲಿನ ದಾವೆಗಳು ನೆನಪಾದವು. ಹೊಲ ಹಂಚುವಾಗ ಘಾಟಿ ದಾಯಾದಿಯೊಬ್ಬ ಬಾವಿಯತ್ತ ಬದು ತಿರುಗಿಸಿಕೊಳ್ಳುತ್ತಾನಲ್ಲ, ಹಾಗೆಯೇ ಗೆರೆಗಳು ಇಲ್ಲೊಂದು ಓಣಿ ನೆಕ್ಕಿ ಅಲ್ಲೊಂದು ಊರು ಬಿಟ್ಟು ಓಡಿದ್ದವು.

ಅಲ್ಲಿ ಗೆದ್ದವರೇ ಕೂತು ತಮ್ಮ ತಮ್ಮ ಕ್ಷೇತ್ರದ ಗೆರೆ ಎಳೆದುಕೊಳ್ಳುತ್ತಾರೆ. ತಮಗೆ ಓಟು ಹಾಕುವವರನ್ನು ಒಳಗೆ ಇಟ್ಟುಕೊಳ್ಳುತ್ತಾರೆ, ಹಾಕದವರನ್ನು ಚೂರು ಚೂರು ಮಾಡಿ ಹಂಚಿಬಿಡುತ್ತಾರೆ. ಆ ಅಧಿಕಾರವನ್ನು ಅವರ ಕೈಯಿಂದ ತೆಗೆದು ಸಾಮಾನ್ಯ ಜನರ ಒಂದು ಸಮಿತಿಗೆ ಕೊಡಬೇಕೆಂಬುದು ಸ್ಯಾರನ್ ಗುಂಪಿನ ಬೇಡಿಕೆ. ಜನರ ಸಹಿ ಕೂಡಿಸಿ, ಇಡೀ ರಾಜ್ಯ ಅದರ ಮೇಲೆ ಹೌದು ಅಥವಾ ಬೇಡ ಎಂದು ಓಟು ಹಾಕುವಂತೆ ಮಾಡಿದ್ದರು. ಗೆದ್ದರೆ ಓಣಿ ಒಂದೇ ಕ್ಷೇತ್ರಕ್ಕೆ ಸೇರಿ, ಸೇತುವೆ ಕೇಳಲು ಒಬ್ಬ ಶಾಸಕನಾದರೂ ಸಿಗುತ್ತಾನೆ ಎಂಬುದು ರೂತಮ್ಮನ ಆಸೆ.

"ನಿಮ್ಮಲ್ಲಿ ಶಾಸಕರು ಗೆರೆ ಎಳೆಯುವುದಿಲ್ಲವಂತೆ. ಪುಣ್ಯವಂತರು," ಎಂದಳು ಸ್ಯಾರನ್.

"ನಮ್ಮಲ್ಲಿ ಎಳೆಯುವವರು ಬೇರೆ. ಆದರೂ ನಮ್ಮೂರಿನ ಕ್ಷೇತ್ರವೇ ಹೋಯಿತು," ಎಂದೆ. ಅವಳು ತಲೆಯಾಡಿಸಿ ಬೇರೆ ಕೆಲಸಕ್ಕೆ ತಿರುಗಿದಳು. ಕೊಟ್ಟೂರಿನ ದುಃಖ ಅಲ್ಲಿ ಯಾರಿಗೂ ಬೇಕಿರಲಿಲ್ಲ.

ನಮಗೆ ಅವಳು ಒಂದು ಷರತ್ತು ಹಾಕಿದಳು. ಮನೆಮನೆಗೆ ಹೋಗುವವರ ಜೊತೆ ಹೋಗಬಹುದು, ನೋಡಬಹುದು. ಮತದಾನದ ಬಗ್ಗೆ ಯಾರ ಮುಂದೆಯೂ ಒಂದು ಮಾತು ಆಡುವಂತಿಲ್ಲ. ಪರದೇಶದವರು ಪ್ರಚಾರ ಮಾಡಿದರು ಎಂದು ಎದುರಾಳಿಗಳಿಗೆ ನೆಪ ಸಿಗಬಾರದು. ನಾನು ಇಬ್ಬರ ಪರವಾಗಿ ಮಾತು ಕೊಟ್ಟೆ. ವಕೀಲೆ ವಕೀಲೆಗೆ ಕೊಟ್ಟ ಮಾತು.

ಆ ಸಂಜೆ ರೂತಮ್ಮನ ಹಿಂದೆ ಓಣಿ ತಿರುಗಿದೆವು. ಅವರ ಕೈಯಲ್ಲಿ ಮನೆಗಳ ಪಟ್ಟಿ. ಒಂದು ಬಾಗಿಲು ತಟ್ಟುತ್ತಾರೆ, ಎರಡು ಬಿಡುತ್ತಾರೆ, ಮತ್ತೊಂದು ತಟ್ಟುತ್ತಾರೆ. ಹುಲಿಗೆಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

"ಆ ಮನಿ ಯಾಕ ಬಿಟ್ರು ಕೇಳ್ರಿ."

ಆ ದೇಶದಲ್ಲಿ ಯಾರು ಯಾವ ಪಕ್ಷಕ್ಕೆ ಹೆಸರು ಬರೆಸಿದ್ದಾರೆ ಎಂಬುದು ಎಲ್ಲರಿಗೂ ಸಿಗುತ್ತದೆಯಂತೆ. ಬಿಟ್ಟ ಮನೆಗಳು ಎದುರು ಪಕ್ಷದವು. ತಟ್ಟಿದರೆ ಅವರಿಗೆ ಓಟಿನ ನೆನಪಾಗಿ, ಎದ್ದು ಹೋಗಿ "ಬೇಡ" ಎಂದು ಹಾಕಿ ಬರುತ್ತಾರೆ, ಅದಕ್ಕೇ ಮಲಗಿದವರನ್ನು ಎಬ್ಬಿಸುವುದಿಲ್ಲ ಎಂದು ರೂತಮ್ಮ ವಿವರಿಸಿದರು. ತಮ್ಮ ಮನೆಯ ನೇರ ಎದುರಿನ ಮನೆಯನ್ನೂ ತೋರಿಸಿದರು. ರಸ್ತೆಯ ಆ ಬದಿ ಬೇರೆಯೇ ಕ್ಷೇತ್ರ. ಅಲ್ಲಿ ಗ್ಯಾರಿ ಎಂಬಾತ ಹೆಂಡತಿಯ ಜೊತೆ ಇದ್ದಾನೆ, ಬಹಳ ವರ್ಷದಿಂದ ಎದುರಾಬದುರು ಇದ್ದೇವೆ, ಕೈ ಬೀಸುತ್ತೇವೆ, ಅಷ್ಟೇ ಎಂದರು.

ಹುಲಿಗೆಮ್ಮ ರಸ್ತೆಯ ನಡುವೆ ನಿಂತುಬಿಟ್ಟರು. "ಎದರ ಮನಿ ಬಿಟ್ಟು ಕರೀತಾರೇನ್ರಿ ಯಾರಾರ? ನಮ್ಮ ಕಡಿ ಮದುವಿಗೆ ಕರ್ಯಾಕ ಹೊಂಟ್ರ ಜಗಳಾಡಿದ ಮನಿಗೆ ಮೊದ್ಲ ಹೋಗ್ತೀವಿ. ಬರ್ತಾರೋ ಬಿಡ್ತಾರೋ ಅವರ ಇಚ್ಛಾ. ಕರೀಲಿಲ್ಲ ಅನ್ನೋ ಮಾತು ಬರಬಾರದು. ಓಣ್ಯಾಗ ಒಂದು ಮನಿ ಬಿಟ್ರ ಕರೆದದ್ದೆಲ್ಲಾ ಹಾಳು."

"ಇದು ಮದುವಿ ಅಲ್ರಿ, ಓಟು," ಎಂದೆ.

"ಗೊತ್ತೈತ್ರಿ. ನಿಮ್ಮ ಕೊಟ್ಟೂರಿನ ಬಂದ್ ಕೂಡ ಓಟಿಂದ ಇತ್ತು. ಬಜಾರ ಎಲ್ಲಾ ಕರೆದ್ರಿ. ನಮ್ಮ ಕೇರಿಗೆ ಯಾರು ಬಂದಿದ್ರು?"

ರೂತಮ್ಮ ಏನಾಯಿತು ಎಂದು ಕೇಳಿದರು. ಅವರಿಗೆ ಚಳಿಯಂತೆ ಎಂದೆ.

ಎದುರು ಮನೆ

ಮತದಾನಕ್ಕೆ ಇನ್ನು ಕೆಲವೇ ದಿನ. ಬೆಳಿಗ್ಗೆ ಎದ್ದರೆ ಅಡುಗೆಮನೆಯಲ್ಲಿ ಶೇಂಗಾ ಹುರಿದ ವಾಸನೆ. ಅಂಗಡಿಯಿಂದ ತಂದ ಅಮೆರಿಕದ ಶೇಂಗಾಕ್ಕೆ ಅಮೆರಿಕದ ಕಂದು ಸಕ್ಕರೆ ಕಾಸಿ ಹಾಕಿ ಹುಲಿಗೆಮ್ಮ ಉಂಡಿ ಕಟ್ಟಿದ್ದರು. ಪಾಕ ಗಟ್ಟಿಯಾಗಿ ಉಂಡಿಗಳು ಗುಂಡುಕಲ್ಲಾಗಿದ್ದವು. ರೂತಮ್ಮ ಒಂದನ್ನು ಬಾಯಿಗಿಟ್ಟು ಬಹಳ ಹೊತ್ತು ಚೀಪಿದರು. ಆಮೇಲೆ ಕಚೇರಿಯ ಕೆಲಸಕ್ಕೆ ಹೋದರು.

ನಾನು ಸ್ನಾನ ಮುಗಿಸಿ ಬಂದು ಕಿಟಕಿಯಲ್ಲಿ ನೋಡುತ್ತೇನೆ, ಹುಲಿಗೆಮ್ಮ ಒಂದು ಕೈಯಲ್ಲಿ ಉಂಡಿಯ ತಟ್ಟೆ, ಇನ್ನೊಂದರಲ್ಲಿ ಕುಂಕುಮದ ಭರಣಿ ಹಿಡಿದು ರಸ್ತೆ ದಾಟುತ್ತಿದ್ದಾರೆ! ಒದ್ದೆ ತಲೆಯಲ್ಲೇ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಬಾಗಿಲು ತೆರೆದಿತ್ತು. ಭಾರೀ ಆಳು, ಬಿಳಿ ಮೀಸೆ, ಕಾಲಲ್ಲಿ ಚಪ್ಪಲಿಯಿಲ್ಲ. ಅವನೇ ಗ್ಯಾರಿ.

ಹುಲಿಗೆಮ್ಮ ಅಪ್ಪಟ ನಮ್ಮೂರಿನ ಕನ್ನಡದಲ್ಲಿ ಕರೆಯೋಲೆ ಓದಿದರು. "ಅಣ್ಣಾರ, ಮಂಗಳವಾರ ಓಟಿಗೆ ಬರ್ರಿ. ಎದರ ಮನಿ ರೂತಮ್ಮನ ಗಂಡ ರೈಲು ಅಡ್ಡ ನಿಂತು ದವಾಖಾನಿ ಮುಟ್ಟದ ಜೀವ ಬಿಟ್ಟಾನ, ನಿಮಗೂ ಗೊತ್ತಿರಬೇಕು. ಸೇತುವಿ ಆಗಲಿ ಅಂತ ಈ ಓಟು. ನಿಮಗೂ ಬೇಕು, ಆಕಿಗೂ ಬೇಕು. ಮನಿಮಂದಿ ಎಲ್ಲಾ ಬರ್ರಿ."

ಗ್ಯಾರಿ ನನ್ನ ಕಡೆ ತಿರುಗಿದ. "ಏನು ಹೇಳುತ್ತಿದ್ದಾರೆ?"

ನಾನು ಸ್ಯಾರನ್‌ಗೆ ಮಾತು ಕೊಟ್ಟಿದ್ದೆ. "ನಿಮ್ಮನ್ನು ಕರೆಯುತ್ತಿದ್ದಾರೆ," ಎಂದೆ.

"ಎಲ್ಲಿಗೆ?"

"ಎದುರು ಮನೆಗೆ. ಯಾವಾಗಲಾದರೂ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಒಳಗೆ ಬನ್ನಿ ಎಂದ. ಒಳಗೆ ಕಿಟಕಿಯ ಪಕ್ಕ ಅವನ ಹೆಂಡತಿ ಲಿಂಡಾ ಕೂತಿದ್ದರು, ತೀರಾ ಸೊರಗಿದ ಹೆಂಗಸು. ಮೂಗಿಗೆ ಆಮ್ಲಜನಕದ ನಳಿಕೆ, ಪಕ್ಕದಲ್ಲಿ ಸಿಲಿಂಡರು. ಮಾತಾಡಿದರೆ ಉಬ್ಬಸ. ಹುಲಿಗೆಮ್ಮ ತಮ್ಮ ಅಕ್ಕನನ್ನು ಕಂಡವರ ಹಾಗೆ ಹೋಗಿ, "ಮುತ್ತೈದಿ ಇರ್ಬೇಕು ತಾಯಿ," ಎಂದು ಹಣೆಗೆ ಕುಂಕುಮ ಇಟ್ಟರು. ಲಿಂಡಾ ಕನ್ನಡಿ ತರಿಸಿ ನೋಡಿಕೊಂಡು ನಕ್ಕರು. ಈ ಮನೆಗೆ ಯಾರೂ ಬರುವುದೇ ಇಲ್ಲ, ಪಕ್ಷದವರು ಕಾಗದ ಕೊಡಲು ಬರುತ್ತಾರೆ, ಇಲ್ಲದಿದ್ದರೆ ನರ್ಸು ಎಂದರು. ಫೋಟೋ ತೆಗೆಯಲು ಗಂಡನಿಗೆ ಹೇಳಿದರು. ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ನನ್ನನ್ನೂ ಎಳೆದು ಬಾಗಿಲಲ್ಲಿ ನಿಲ್ಲಿಸಿದರು. ಗ್ಯಾರಿ ಕ್ಯಾಮೆರಾ ತಂದು ಕ್ಲಿಕ್ಕಿಸಿದ. ಹೊರಗೆ ಬಂದ ಮೇಲೆ ನಾನು ಹುಲಿಗೆಮ್ಮನವರ ಮೇಲೆ ಹರಿಹಾಯ್ದೆ. ಅವರು ಹಾಯಾಗಿದ್ದರು. "ಕರೆದು ಬಂದೆ. ಇನ್ನ ಮ್ಯಾಲ ಆತನ ಇಚ್ಛಾ," ಎಂದರು.

ಅಂಚೆ ಡಬ್ಬಿಯಲ್ಲಿ ನಮ್ಮ ಮುಖ

ಆ ವಾರ ಮುಗಿಯುವ ಮೊದಲೇ ಓಣಿಯ ಪ್ರತಿ ಮನೆಯ ಅಂಚೆ ಡಬ್ಬಿಯಲ್ಲಿ ನುಣುಪಾದ ಕರಪತ್ರ ಬಂದು ಬಿದ್ದಿತ್ತು. ಬಣ್ಣದ ಫೋಟೋ. ಗ್ಯಾರಿಯ ಬಾಗಿಲಲ್ಲಿ ಸೀರೆಯುಟ್ಟ ಇಬ್ಬರು ಹೆಂಗಸರು, ಒಬ್ಬಳ ತಲೆ ಒದ್ದೆ. ಕೆಳಗೆ ದಪ್ಪ ಅಕ್ಷರದಲ್ಲಿ: ನಿಮ್ಮ ಊರಿನ ಗೆರೆಯನ್ನು ಇವರು ಎಳೆಯಬೇಕೆ? ಬೇಡ ಎನ್ನಿ.

ಸ್ಯಾರನ್ ಅದನ್ನು ಮೇಜಿನ ಮೇಲೆ ಬಿಸಾಕಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. ನಾನು ಒಂದು ಅಕ್ಷರವೂ ಮತದ ಬಗ್ಗೆ ದಾಟಿಸಲಿಲ್ಲ ಎಂದೆ. ಅದು ನಿಜವೂ ಆಗಿತ್ತು, ಕೆಲಸಕ್ಕೂ ಬರಲಿಲ್ಲ. ಹುಲಿಗೆಮ್ಮನಿಗೆ ಕರಪತ್ರದಲ್ಲಿ ಏನಿದೆ ಎಂದು ನಾನೇ ಓದಿ ಹೇಳಬೇಕಾಯಿತು. ಕೇಳಿದವರು ಅಲ್ಲೇ ಬೂಟಿನ ಅಂಗಡಿಯ ನೆಲದ ಮೇಲೆ ಕುಸಿದು ಕೂತರು.

"ನನ್ನ ಕೈಯಾರ ಆಕಿ ಸೇತುವಿಗೆ ಕಲ್ಲು ಹಾಕಿದೆನಲ್ರಿ ಅಕ್ಕಾರ. ಕರದ್ರ ಹಿಂಗ ಮಾಡ್ತಾರೇನ್ರಿ ಮಂದಿ? ಮನಿಗೆ ಕರ್ಯಾಕ ಬಂದೋರ ಫೋಟೋ ಹಿಂಗ ಹಂಚ್ತಾರೇನು?"

ನನಗೆ ಗ್ಯಾರಿಯ ಮೇಲೆ ರಕ್ತ ಕುದಿಯುತ್ತಿತ್ತು. ಹೋಗಿ ಕೇಳಿಯೇಬಿಡುತ್ತೇನೆ ಎಂದು ಎದ್ದೆ. ಸ್ಯಾರನ್ ಬಾಗಿಲಿಗೆ ಅಡ್ಡ ನಿಂತಳು. ರೂತಮ್ಮ ಮಾತ್ರ ಕರಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡರು. ಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ನಾವಿಬ್ಬರೂ ಬಾಗಿಲು ದಾಟಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಕೂತು ಹುಲ್ಲು ನೋಡುವ ಆ ದೇಶದ ಬದುಕನ್ನು ನಾವೂ ಬದುಕಿದೆವು.

ಮಂಗಳವಾರ, ಬುಧವಾರ

ಮತದಾನದ ದಿನ ಅಲ್ಲಿ ರಜೆಯಿಲ್ಲ, ಗದ್ದಲವಿಲ್ಲ. ಶಾಲೆಯೊಂದರಲ್ಲಿ ಜನ ಸುಮ್ಮನೆ ಹೋಗಿ ಬರುತ್ತಾರೆ. ನಮ್ಮಲ್ಲಿ ಮತಗಟ್ಟೆಯ ಮುಂದೆ ಟೆಂಟು, ಚಹಾ, ವಾಗ್ವಾದ, ಬೆರಳಿಗೆ ಶಾಯಿ. ಇಲ್ಲಿ ಅಂಗಿಗೆ ಒಂದು ಅಂಟುಚೀಟಿ ಕೊಡುತ್ತಾರೆ. ರೂತಮ್ಮ ಅದನ್ನು ಗಂಡನ ಹಳೆಯ ಕೋಟಿಗೆ ಅಂಟಿಸಿ, ಆ ಕೋಟನ್ನೇ ಹಾಕಿಕೊಂಡು ದಿನವೆಲ್ಲ ತಿರುಗಿದರು.

ಬುಧವಾರ ಬೆಳಿಗ್ಗೆ ರೇಡಿಯೋದಲ್ಲಿ ಫಲಿತಾಂಶ ಬಂತು. ಸೋಲು. ಕೂದಲೆಳೆಯ ಸೋಲಲ್ಲ, ಹಿಗ್ಗಾಮುಗ್ಗಾ ಸೋಲು. ರೂತಮ್ಮ ರೇಡಿಯೋ ಆರಿಸಿ ಕುರ್ಚಿಯಲ್ಲಿ ಕೂತರು. ಕೋಟು ಇನ್ನೂ ಮೈಮೇಲಿತ್ತು.

ಸ್ಯಾರನ್ ಬಂದಳು. ಅವಳ ಸಿಟ್ಟು ಇಳಿದು ಮುಖ ಬಾಡಿತ್ತು. ರಾಜ್ಯದ ಎಲ್ಲ ಕಡೆ ಸೋತಿದ್ದೇವೆ, ನಿಮ್ಮ ಫೋಟೋ ಇರದಿದ್ದರೂ ಸೋಲುತ್ತಿದ್ದೆವು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ನಾನು ಹುಲಿಗೆಮ್ಮನಿಗೆ ಹೇಳಿದೆ. ಅವರು ತಲೆ ಎತ್ತಲಿಲ್ಲ. "ಈ ಓಣ್ಯಾಗರ ಗೆದ್ದಾರೇನು ಕೇಳ್ರಿ," ಎಂದರು. ಕೇಳಿದೆ. ಓಣಿಯಲ್ಲೂ ಸೋತಿದ್ದ ಸುದ್ದಿ ಬಂತು. ಪ್ರತಿದಿನ ಆ ಗೇಟಿನಲ್ಲಿ ಕಾಯುವವರೇ ಬೇಡ ಎಂದಿದ್ದರು. ಹುಲಿಗೆಮ್ಮ ಎದ್ದು ಹೋಗಿ ರೂತಮ್ಮನ ಕಾಲ ಬಳಿ ಕೂತು, ಅವರ ಪಾದ ಒತ್ತತೊಡಗಿದರು. ರೂತಮ್ಮ ಮೊದಲು ಕಾಲು ಎಳೆದುಕೊಂಡರು, ಆಮೇಲೆ ಬಿಟ್ಟರು. ಇಬ್ಬರೂ ಅತ್ತರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಹೊರಟ ದಿನ

ವಿಮಾನ ನಿಲ್ದಾಣಕ್ಕೆ ರೂತಮ್ಮನೇ ಬಿಡುತ್ತೇನೆಂದರು. ಗೇಟಿನ ಹತ್ತಿರ ಬರುವಷ್ಟರಲ್ಲಿ ಕೆಂಪು ದೀಪ. ಕೋಲು ಇಳಿಯಿತು. ರೈಲು ಬಂತು, ನಿಧಾನವಾಯಿತು, ನಿಂತಿತು. ರೂತಮ್ಮ ಎಂಜಿನ್ ಆರಿಸಿ ಕೈ ಕಟ್ಟಿಕೊಂಡರು. ನಾನು ಗಡಿಯಾರ ನೋಡಿಕೊಳ್ಳತೊಡಗಿದೆ.

ಹಿಂದೆ ಒಂದು ಕಾರು ಬಂದು ನಿಂತಿತು. ಹುಲಿಗೆಮ್ಮ ತಿರುಗಿ ನೋಡಿದವರೇ, "ಆ ಅಣ್ಣಾರು!" ಎಂದು ಬಾಗಿಲು ತೆಗೆದು ಇಳಿದುಬಿಟ್ಟರು. ಗ್ಯಾರಿಯೇ. ಹಿಂದಿನ ಸೀಟಿನಲ್ಲಿ ಲಿಂಡಾ, ಮೂಗಿಗೆ ನಳಿಕೆ, ತುಟಿ ನೀಲಿಗಟ್ಟಿದ್ದವು. ಜಗಳ ಆಗುತ್ತದೆಂದು ನಾನೂ ಇಳಿದೆ. ನನಗೆ ಜಗಳ ಬೇಕೂ ಆಗಿತ್ತು. ರೂತಮ್ಮ ಕೊನೆಗೆ ಇಳಿದು ಬಂದರು.

ಗ್ಯಾರಿ ಕಿಟಕಿ ಇಳಿಸಿದ. ನಾನು ಬಾಯಿ ತೆರೆಯುವ ಮೊದಲೇ ಹೇಳಿದ. "ಆ ಫೋಟೋ ನಾನೇ ಕೊಟ್ಟದ್ದು. ಪಕ್ಷದವರು ಬಂದಾಗ ಲಿಂಡಾ ಖುಷಿಯಿಂದ ತೋರಿಸಿದಳು. ಕೇಳಿದರು, ಕೊಟ್ಟೆ. ಹಾಗೆ ಅಚ್ಚು ಹಾಕುತ್ತಾರೆಂದು ಗೊತ್ತಿರಲಿಲ್ಲ. ನಾಚಿಕೆಯಾಗಿದೆ."

ದಾಟಿಸಿದೆ. ಹುಲಿಗೆಮ್ಮ ಕೈಯಾಡಿಸಿದರು. "ಅದು ಇರ್ಲಿ ಬಿಡ್ರಿ. ಅಕ್ಕಗ ಏನಾಗೈತಿ?"

ಬೆಳಿಗ್ಗೆಯಿಂದ ಉಸಿರು ಸಿಗುತ್ತಿಲ್ಲ, ಆಸ್ಪತ್ರೆಗೆ ಹೊರಟಿದ್ದೇವೆ ಎಂದ ಗ್ಯಾರಿ. ಆಂಬ್ಯುಲೆನ್ಸ್ ಕರೆದರೂ ಅದು ಈಗ ಹಳಿಯ ಆಚೆಯೇ ನಿಂತಿರುತ್ತದೆ ಎಂದು ತಾನೇ ಹೊರಟಿದ್ದ. ರೈಲಿನ ಕಡೆ ಒಮ್ಮೆ ನೋಡಿ, ನನ್ನನ್ನು ಕೇಳಿದ. "ಆ ದಿನ ಬಾಗಿಲಲ್ಲಿ ಈಕೆ ಅಷ್ಟು ಉದ್ದ ಮಾತಾಡಿದರಲ್ಲ. ನೀವು ಎರಡೇ ಮಾತಿನಲ್ಲಿ ಮುಗಿಸಿದಿರಿ. ನಿಜವಾಗಿ ಏನು ಹೇಳಿದರು?"

ಓಟು ಮುಗಿದಿತ್ತು. ನನ್ನ ಮಾತಿನ ಗಡುವೂ ಮುಗಿದಿತ್ತು. ಹುಲಿಗೆಮ್ಮ ಅಂದು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ರೂತಮ್ಮನ ಗಂಡನ ಸಾವು, ಸೇತುವೆ, ನಿಮಗೂ ಬೇಕು ಆಕೆಗೂ ಬೇಕು, ಮನೆಮಂದಿಯೆಲ್ಲ ಬನ್ನಿ.

ಗ್ಯಾರಿ ಸ್ಟೀರಿಂಗಿನಿಂದ ಕೈ ತೆಗೆದ. "ಸೇತುವೆಯೇ? ಆ ಓಟು ಸೇತುವೆಗಾಗಿಯೇ?"

ರೂತಮ್ಮ ಹೌದೆಂದು ತಲೆಯಾಡಿಸಿದರು.

"ನಮಗೆ ಬಂದ ಕಾಗದಗಳಲ್ಲೆಲ್ಲ ಯಾರೋ ಹೊರಗಿನವರು ನಮ್ಮ ಓಟು ಕಸಿಯುತ್ತಾರೆ ಎಂದಿತ್ತು. ನಾನು ಬೇಡ ಎಂದೇ ಹಾಕಿದೆ. ಲಿಂಡಾಳದ್ದೂ ಅಂಚೆಯಲ್ಲಿ ನಾನೇ ಕಳಿಸಿದೆ." ಅವನು ರೂತಮ್ಮನ ಕಡೆ ತಿರುಗಿದ. ದನಿ ಏರಿರಲಿಲ್ಲ. "ರೂತ್, ನೀನು ಎದುರು ಮನೆಯಲ್ಲಿದ್ದೀಯ. ಬಾಗಿಲಿಂದ ಬಾಗಿಲಿಗೆ ಹೋಗುವುದನ್ನು ಕಿಟಕಿಯಲ್ಲಿ ನೋಡಿದೆ. ನಮ್ಮಲ್ಲಿಗೆ ಯಾಕೆ ಬರಲಿಲ್ಲ?"

ರೂತಮ್ಮ ಕಾರಿನ ಬಾಗಿಲ ಮೇಲೆ ಕೈಯಿಟ್ಟರು.

"ನಿನ್ನ ಮನೆ ನಮ್ಮ ಪಟ್ಟಿಯಲ್ಲಿರಲಿಲ್ಲ, ಗ್ಯಾರಿ."

ಅವನು ತಲೆ ತಗ್ಗಿಸಿದ. ಹಿಂದಿನ ಸೀಟಿನಿಂದ ಲಿಂಡಾ ಕೈ ಚಾಚಿ ರೂತಮ್ಮನ ಕೈ ಹಿಡಿದರು. ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡು, ಮತ್ತೆ ಯಾವಾಗ ಇಂಥ ಓಟು ಎಂದು ಕೇಳಿದರು. ಗೊತ್ತಿಲ್ಲ, ಗೆರೆ ಮತ್ತೆ ಎಳೆಯುವುದು ಮುಂದಿನ ಜನಗಣತಿ ಆದ ಮೇಲೆ ಎಂದರು ರೂತಮ್ಮ.

"ಅಷ್ಟು ದಿನ ನಾನಿರುವುದಿಲ್ಲ, ರೂತ್," ಎಂದರು ಲಿಂಡಾ.

ಹುಲಿಗೆಮ್ಮ ನನ್ನ ತೋಳು ಜಗ್ಗಿದರು. "ಏನಂದ್ರು ಅಕ್ಕಾರ? ಆಯಮ್ಮ ಏನಂದ್ರು? ಹೇಳ್ರಿ." ರೈಲು ಇನ್ನೂ ನಿಂತೇ ಇತ್ತು.